ಕುದುರೆ ಏರುವ ಮುನ್ನ ಇಳಿಯುವುದನ್ನು ಕಲಿಯಿರಿ

ಪ್ರಶ್ನೆ: ನಾನು ಗದಗಿನಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ, ವಯಸ್ಸು 43. ಪ್ರತಿ ಭಾನುವಾರ ಮಗಳನ್ನು ಹುಬ್ಬಳ್ಳಿಯ ಹೊರವಲಯದ ಕುದುರೆ ಸವಾರಿ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೆ. ನೋಡುತ್ತಾ ನೋಡುತ್ತಾ ನನಗೂ ಆಸೆ ಹುಟ್ಟಿ ಸೇರಿಕೊಂಡೆ. ನಡಿಗೆಯವರೆಗೆ ಚೆನ್ನಾಗಿಯೇ ಇತ್ತು. ಎರಡು ತಿಂಗಳ ಹಿಂದೆ ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಎಂದಾಗ ಕುದುರೆ ಪಕ್ಕಕ್ಕೆ ಜಿಗಿಯಿತು. ಕುತ್ತಿಗೆಯ ಕೂದಲು ಹಿಡಿದುಕೊಂಡೆ, ಬೀಳಲಿಲ್ಲ. ಅಂದಿನಿಂದ ರಿಕಾಪಿನಲ್ಲಿ ಕಾಲಿಟ್ಟರೆ ಕೈ ತಣ್ಣಗಾಗುತ್ತದೆ, ಟ್ರಾಟ್ (ನಡಿಗೆಗಿಂತ ವೇಗದ ಕುಲುಕು ಓಟ) ಎಂದರೆ ಉಸಿರು ಕಟ್ಟುತ್ತದೆ. ‘ಹೆದರಬೇಡಿ ಮೇಡಂ, ನೀವು ಹೆದರಿದರೆ ಕುದುರೆಗೆ ಗೊತ್ತಾಗುತ್ತದೆ’ ಎನ್ನುತ್ತಾರೆ ತರಬೇತುದಾರರು. ಅದನ್ನು ಕೇಳಿದ ಮೇಲೆ ಇನ್ನಷ್ಟು ಹೆದರಿಕೆ. ಮನೆಯಲ್ಲಿ ‘ಈ ವಯಸ್ಸಿನಲ್ಲಿ ಕೈಕಾಲು ಮುರಿದುಕೊಂಡರೆ?’ ಎಂಬ ಮಾತು. ಬಿಟ್ಟುಬಿಡಲೇ? ಮಗಳ ಜೊತೆ ಹೊಲದ ದಾರಿಯಲ್ಲಿ ಕುದುರೆಯ ಮೇಲೆ ಹೋಗುವ ದಿನ ಬರುತ್ತದೆಯೇ?

ಉತ್ತರ: ಬಿಡಬೇಡಿ. ಆದರೆ ಮುಂದಿನ ಕೆಲವು ಭಾನುವಾರ ಟ್ರಾಟ್ ಕೂಡ ಮಾಡಬೇಡಿ.

ಮೊದಲು ನಿಮ್ಮ ಹೆದರಿಕೆಯ ಪರವಾಗಿಯೇ ಮಾತಾಡುತ್ತೇನೆ. ಸವಾರಿ ಶಾಲೆಯ ಸಾಮಾನ್ಯ ಕುದುರೆ ಭುಜದ ಬಳಿ 5 ಅಡಿ ಎತ್ತರ, ತೂಕದಲ್ಲಿ 400 ಕಿಲೋ ಆಸುಪಾಸು ಇರುತ್ತದೆ. ಅದರ ಮೇಲೆ ಕೂತಾಗ ನಿಮ್ಮ ಕಣ್ಣು ನೆಲದಿಂದ 7 ಅಡಿಗೂ ಮೇಲಿರುತ್ತದೆ. ಕೆಳಗಿರುವುದು ತನ್ನದೇ ಬುದ್ಧಿ, ತನ್ನದೇ ಭಯಗಳಿರುವ ಪ್ರಾಣಿ. ಮಗಳು ಬಿದ್ದರೆ ಮಣ್ಣು ಕೊಡವಿಕೊಂಡು ಏಳಬಹುದು. ನಿಮಗೆ ಸೋಮವಾರದ ತರಗತಿ, ಮನೆ, ಆಸ್ಪತ್ರೆಯ ಖರ್ಚು ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬರುತ್ತವೆ. ಈ ಲೆಕ್ಕ ಹಾಕುವ ಬುದ್ಧಿ ಬೆಳೆದವರಿಗೆ ಇರಲೇಬೇಕು. ಅದು ಇಲ್ಲದ ವಯಸ್ಕ ಸವಾರರನ್ನು ಕಂಡರೆ ನನಗೆ ಆತಂಕವಾಗುತ್ತದೆ.

ಹಾಗಾದರೆ ಮಾಡುವುದೇನು? ಹಲವಾರು ವರ್ಷ ದೊಡ್ಡವರಿಗೆ ಸವಾರಿ ಕಲಿಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಹೆದರಿಕೆಯ ಜೊತೆ ವಾದಕ್ಕೆ ನಿಂತರೆ ಗೆಲ್ಲುವುದು ಹೆದರಿಕೆಯೇ. ‘ಧೈರ್ಯವಾಗಿರಬೇಕು’ ಎಂದು ನೂರು ಸಲ ಮನಸ್ಸಿಗೆ ಹೇಳಿದರೂ ಬಿಗಿದ ತೊಡೆ ಸಡಿಲವಾಗುವುದಿಲ್ಲ. ನಿಲ್ಲಿಸುವುದು ಬರುತ್ತದೆ, ಇಳಿಯುವುದು ಬರುತ್ತದೆ ಎಂದು ದೇಹಕ್ಕೇ ಖಾತ್ರಿಯಾದಾಗ ಹೆದರಿಕೆ ತಾನಾಗಿ ಒಂದು ಮೆಟ್ಟಿಲು ಇಳಿಯುತ್ತದೆ. ನಮ್ಮ ಕಡೆಯ ಹೆಚ್ಚಿನ ತರಬೇತಿಯಲ್ಲಿ ಹೊರಡುವುದನ್ನು ಮೊದಲು ಕಲಿಸುತ್ತಾರೆ, ನಿಲ್ಲುವುದನ್ನು ಆಮೇಲೆ. ದೊಡ್ಡವರಿಗೆ ಕಲಿಸುವಾಗ ಈ ಕ್ರಮ ತಿರುಗಬೇಕು.

ನಿಮ್ಮ ತರಬೇತುದಾರರ ಮಾತಿಗೆ ಬರೋಣ. ಅದು ಸುಳ್ಳಲ್ಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜನರು ಕುದುರೆಯನ್ನು ಹಿಡಿದುಕೊಂಡೋ, ಅದರ ಮೇಲೆ ಕೂತೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಾಲ್ಕು ಸಲ ಹೋಗಬೇಕು. ಕೊನೆಯ ಸಲ ಹೊರಡುವ ಮುನ್ನ, ‘ಈಗ ದಾರಿಯಲ್ಲಿ ಛತ್ರಿ ಬಿಚ್ಚುತ್ತೇವೆ’ ಎಂದು ಅವರಿಗೆ ಹೇಳಲಾಯಿತು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಛತ್ರಿಯ ವಿಷಯ ಕುದುರೆಗೆ ತಿಳಿಯಲು ಸಾಧ್ಯವೇ ಇರಲಿಲ್ಲ. ಮನುಷ್ಯರ ಮೈಯಲ್ಲಾದ ಬದಲಾವಣೆಗೆ ಅದರ ಎದೆ ಸ್ಪಂದಿಸಿತು.

ತರಬೇತುದಾರರು ಹೇಳದೆ ಬಿಟ್ಟ ಅರ್ಧ ಇಲ್ಲಿದೆ. ಬೆನ್ನಿನ ಮೇಲೆ ಕೂತವರಿಂದ ಕುದುರೆಗೆ ಮುಟ್ಟುವುದು ನಿಲ್ಲಿಸಿದ ಉಸಿರು, ಗಟ್ಟಿಯಾದ ಸೊಂಟ, ಒತ್ತಿ ಹಿಡಿದ ತೊಡೆ. ಒಳಗೊಳಗೆ ನಡುಗುತ್ತಿದ್ದರೂ ಉಸಿರು ಹರಿಯುತ್ತಿದ್ದು ಸೊಂಟ ಸಡಿಲವಾಗಿದ್ದರೆ ಕುದುರೆಗೆ ಅಷ್ಟೇ ಸಾಕು. ಮನಸ್ಸನ್ನು ಆಳುವುದು ಕಷ್ಟ; ಈ ಮೂರನ್ನು ಆಳುವುದು ಕಲಿಯಬಹುದಾದ ವಿದ್ಯೆ.

ಹೆದರಿದ ದೇಹ ಏನು ಮಾಡುತ್ತದೆ ನೋಡಿ. ಮುಂದಕ್ಕೆ ಬಾಗಿ ಮುದುಡುತ್ತದೆ, ಮೊಣಕಾಲು ಮೇಲಕ್ಕೆ ಸರಿಯುತ್ತದೆ, ಕಾಲುಗಳು ಕುದುರೆಯ ಹೊಟ್ಟೆಯನ್ನು ಅವುಚಿಕೊಳ್ಳುತ್ತವೆ, ಕೈಗಳು ಲಗಾಮನ್ನು ಎಳೆಯುತ್ತವೆ. ಕಾಲಿನ ಒತ್ತಡ ಕುದುರೆಗೆ ‘ಹೋಗು’ ಎಂಬ ಸೂಚನೆ, ಲಗಾಮಿನ ಎಳೆತ ‘ನಿಲ್ಲು’ ಎಂಬ ಸೂಚನೆ. ಸ್ಕೂಟರಿನ ಎಕ್ಸಲರೇಟರನ್ನೂ ಬ್ರೇಕನ್ನೂ ಒಟ್ಟಿಗೆ ಹಿಡಿದ ಸ್ಥಿತಿ. ಒಳ್ಳೆಯ ಕುದುರೆ ಗೊಂದಲಗೊಂಡು ತಲೆ ಕೊಡವುತ್ತದೆ, ಚುರುಕಿನದಾದರೆ ಪುಟಿಯುತ್ತದೆ. ಆಗ ನಿಮ್ಮ ಭಯ ಇಮ್ಮಡಿಸುತ್ತದೆ, ಹಿಡಿತ ಇನ್ನೂ ಬಿಗಿಯಾಗುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಅತ್ಯಂತ ಸುಲಭವಾಗಿ ಕೈಗೆ ಸಿಗುವುದು ಉಸಿರು.

ಉಸಿರು ಒಳಗೆ ಎಳೆಯುವಾಗ ಎದೆಬಡಿತ ತುಸು ಏರುತ್ತದೆ, ಹೊರಗೆ ಬಿಡುವಾಗ ತುಸು ಇಳಿಯುತ್ತದೆ. ಆದ್ದರಿಂದ ‘ಆಳವಾಗಿ ಉಸಿರೆಳೆದುಕೊಳ್ಳಿ’ ಎಂಬ ಸಲಹೆಗಿಂತ ‘ಉದ್ದಕ್ಕೆ ಉಸಿರು ಬಿಡಿ’ ಎಂಬುದು ಕೆಲಸಕ್ಕೆ ಬರುತ್ತದೆ. ಬಾಯಿ ತುಸು ತೆರೆದು, ಬಿಸಿ ಚಹಾ ಊದುವಷ್ಟು ಮೆಲ್ಲಗೆ ಬಿಡಿ. ಅದೂ ಮರೆತುಹೋಗುವಷ್ಟು ಗಾಬರಿಯಾದರೆ ಜೋರಾಗಿ ಮಾತಾಡಿ. ಮಾತಾಡುವವರು ಉಸಿರು ಕಟ್ಟಲಾರರು. ನೀವು ಗಣಿತದವರು: ಹದಿಮೂರರ ಮಗ್ಗಿ ಹೇಳಿಕೊಳ್ಳಿ. ಎರಡರ ಮಗ್ಗಿ ಬೇಡ, ಅದು ಬಾಯಿಗೆ ತಾನಾಗಿ ಬರುತ್ತದೆ, ಮನಸ್ಸು ಮತ್ತೆ ಬೇಲಿಯ ಕಡೆ ಓಡುತ್ತದೆ. ಹದಿಮೂರರದ್ದು ತುಸು ಗಮನ ಬೇಡುತ್ತದೆ, ಅದೇ ನಮಗೆ ಬೇಕಾದದ್ದು. ಕಣ್ಣು ಕುದುರೆಯ ಕಿವಿಗಳ ನಡುವಿನಿಂದ ದೂರಕ್ಕೆ ಇರಲಿ. ಕೆಳಗೆ ನೋಡಿದರೆ ತಲೆ ಬಾಗುತ್ತದೆ, ತಲೆಯ ಹಿಂದೆ ಮೈಯೂ ಬಾಗುತ್ತದೆ.

ಈಗ ಇಳಿಯುವ ಪಾಠ. ಲಾಯದವರು ಕುದುರೆಯನ್ನು ಹಿಡಿದು ನಿಂತಿರಲಿ, ಕೆಳಗೆ ಮರಳು ಅಥವಾ ಮೆತ್ತನೆಯ ಮಣ್ಣಿರಲಿ. ಮೊದಲು ಎರಡೂ ಪಾದ ರಿಕಾಪಿನಿಂದ ಹೊರಗೆ. ಇದನ್ನು ಮರೆಯುವಂತಿಲ್ಲ, ಒಂದು ಪಾದ ಸಿಕ್ಕಿಕೊಂಡರೆ ಅದೇ ದೊಡ್ಡ ಅಪಾಯ. ಕೈಗಳು ಕುದುರೆಯ ಕುತ್ತಿಗೆಯ ಬುಡದ ಮೇಲೆ. ಎದೆ ಮುಂದಕ್ಕೆ ಬಾಗಿ, ಬಲಗಾಲು ಕುದುರೆಯ ಬೆನ್ನಿನ ಹಿಂಬದಿಯಿಂದ ದಾಟಿ ಬಂದು, ಎಡಕ್ಕೆ ಜಾರಿ, ಮೊಣಕಾಲು ಮಡಿಸಿ ಇಳಿಯುವುದು. ಮೊದಲ ಸಲ ಕಾಲು ಜೀನಿಗೆ ತಾಗುತ್ತದೆ, ಇಳಿದಾಗ ಎರಡು ಹೆಜ್ಜೆ ಮುಗ್ಗರಿಸುತ್ತೀರಿ. ಯೋಚಿಸದೆ ಮಾಡುವಂತಾಗುವವರೆಗೆ ನಿಂತ ಕುದುರೆಯ ಮೇಲೆಯೇ ಮಾಡಿ, ಆಮೇಲೆ ನಿಧಾನ ನಡಿಗೆಯಲ್ಲಿ. ಮೊಣಕಾಲು ನೋವಿರುವವರು ನಿಂತಲ್ಲಿಯೇ ಮಾಡಿದರೆ ಸಾಕು. ಹತ್ತುವಾಗ ಮಾತ್ರ ನೆಲದಿಂದ ಎಗರುವ ಹಟ ಬೇಡ, ಗಟ್ಟಿಯಾದ ಕಟ್ಟೆಯ ಮೇಲೆ ನಿಂತು ಹತ್ತಿ. ಅದರಿಂದ ಕುದುರೆಯ ಬೆನ್ನಿಗೂ ಒಳ್ಳೆಯದು.

ನಿಲ್ಲಿಸುವುದರಲ್ಲಿ ಎರಡು ಬಗೆ. ದಿನನಿತ್ಯದ್ದು: ಉಸಿರು ಬಿಟ್ಟು, ಜೀನಿನಲ್ಲಿ ಭಾರವಾಗಿ ಕೂತು, ಕಾಲಿನ ಒತ್ತಡ ತೆಗೆದು, ಕೊನೆಗೆ ಲಗಾಮಿನ ಮೇಲೆ ಬೆರಳು ಬಿಗಿ ಮಾಡುವುದು. ನಿಂತ ಕೂಡಲೇ ಬೆರಳು ಸಡಿಲಿಸಬೇಕು. ಆ ಸಡಿಲಿಕೆಯೇ ಕುದುರೆಗೆ ಬಹುಮಾನ. ಇನ್ನೊಂದು ತುರ್ತಿನದು: ಒಂದೇ ಲಗಾಮನ್ನು ಮೆಲ್ಲಗೆ ಗಿಡ್ಡ ಮಾಡುತ್ತಾ ಅದರ ಮೂಗನ್ನು ನಿಮ್ಮ ಮೊಣಕಾಲಿನ ಕಡೆಗೆ ತಿರುಗಿಸುವುದು. ಕುತ್ತಿಗೆ ಬಾಗಿದ ಕುದುರೆಗೆ ನೇರ ಓಡುವ ಬಲ ಸಿಗುವುದಿಲ್ಲ, ಹಿಂಗಾಲು ಪಕ್ಕಕ್ಕೆ ಹಾಕಿ ತಿರುಗುತ್ತಾ ನಿಲ್ಲುತ್ತದೆ. ಇದನ್ನು ನಿಂತಲ್ಲಿ ಮತ್ತು ನಡಿಗೆಯಲ್ಲಿ ಎರಡೂ ಬದಿಗೆ ಕಲಿತುಕೊಳ್ಳಿ. ವೇಗದಲ್ಲಿ ಓಡುವ ಕುದುರೆಯನ್ನು ಹೀಗೆ ತಟ್ಟನೆ ಎಳೆದರೆ ಅದು ಕಾಲು ತಪ್ಪಿ ಬೀಳಬಹುದು. ಆಗ ದೊಡ್ಡ ಸುತ್ತು ಹಾಕಿಸಿ, ಸುತ್ತನ್ನು ಕ್ರಮೇಣ ಕಿರಿದಾಗಿಸಬೇಕು.

ಇನ್ನು ಆ ಪ್ಲಾಸ್ಟಿಕ್ ಹಾಳೆ. ಕುದುರೆ ಬೇಟೆಗೆ ಸಿಗುವ ಪ್ರಾಣಿಯಾಗಿ ರೂಪುಗೊಂಡದ್ದು. ನೆಲದ ಮೇಲೆ ಬದುಕುವ ಸಸ್ತನಿಗಳಲ್ಲಿ ಅತಿ ದೊಡ್ಡ ಕಣ್ಣಿರುವವುಗಳಲ್ಲಿ ಅದೂ ಒಂದು. ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಸುಮಾರು 350 ಡಿಗ್ರಿ ನೋಟ ಸಿಗುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ, ಬಾಲದ ನೇರ ಹಿಂದೆ. ಇಷ್ಟು ಅಗಲ ನೋಡುವ ಕಣ್ಣಿಗೆ ಅಂಚಿನಲ್ಲಿ ಏನಾದರೂ ಮಿಸುಕಿದರೆ, ಮೊದಲು ಜಿಗಿ, ಆಮೇಲೆ ನೋಡು ಎಂಬುದೇ ನಿಯಮ. ಹೆಚ್ಚಿನ ಸಲ ಪಕ್ಕಕ್ಕೊಂದು ನೆಗೆತ, ನಾಲ್ಕಾರು ಹೆಜ್ಜೆ ಓಟ, ಮತ್ತೆ ತಿರುಗಿ ನೋಡುವುದು, ಅಷ್ಟಕ್ಕೆ ಮುಗಿಯುತ್ತದೆ. ಅದರಲ್ಲಿ ನಿಮ್ಮ ಮೇಲಿನ ಸಿಟ್ಟಾಗಲಿ ಕೆಡಹುವ ಉದ್ದೇಶವಾಗಲಿ ಇರುವುದಿಲ್ಲ.

ಜಿಗಿಯುವ ಮೊದಲು ಹೆಚ್ಚಿನ ಸಲ ಅದು ಸೂಚನೆ ಕೊಡುತ್ತದೆ. ತಲೆ ಒಂದು ಗೇಣು ಮೇಲೇಳುತ್ತದೆ. ಎರಡೂ ಕಿವಿ ಒಂದೇ ಕಡೆಗೆ ಚೂಪಾಗಿ ನಿಲ್ಲುತ್ತವೆ. ನಿಮ್ಮ ತೊಡೆಯ ಕೆಳಗೆ ಅದರ ಬೆನ್ನು ಹಲಗೆಯಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಈ ಎರಡು ಮೂರು ಕ್ಷಣಗಳಲ್ಲಿ ಉಸಿರು ಬಿಟ್ಟು, ಅದರ ಮೂಗನ್ನು ಆ ವಸ್ತುವಿನಿಂದ ತುಸು ಆಚೆಗೆ ತಿರುಗಿಸಿ, ದೂರ ಉಳಿಸಿಕೊಂಡು ನಡೆಸಿಕೊಂಡು ಹೋಗಿ. ಹತ್ತಿರ ಕರೆದೊಯ್ದು ‘ನೋಡು, ಏನೂ ಇಲ್ಲ’ ಎಂದು ತೋರಿಸುವ ಕೆಲಸ ಮೇಲೆ ಕೂತು ಮಾಡುವಂಥದ್ದಲ್ಲ, ಕೆಳಗಿಳಿದು ಮಾಡುವಂಥದ್ದು. ನಿಮ್ಮ ಪತ್ರದಲ್ಲಿ ‘ಬೀಳಲಿಲ್ಲ’ ಎಂಬುದನ್ನು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಅದೇ ಮುಖ್ಯ ಸುದ್ದಿ. ಲಗಾಮಿಗೆ ಜೋತುಬೀಳದೆ ಕುತ್ತಿಗೆಯ ಕೂದಲು ಹಿಡಿದಿರಿ, ಕುದುರೆಯ ಬಾಯಿ ನೋಯಲಿಲ್ಲ, ಅದು ಬೇಗ ತಣ್ಣಗಾಯಿತು. ಮಾಡಬೇಕಾದದ್ದನ್ನೇ ಮಾಡಿದ್ದೀರಿ. ಇನ್ನು ಮೇಲೆ ಕುದುರೆಯ ಕುತ್ತಿಗೆಗೆ ಹಳೆಯ ಚರ್ಮದ ಪಟ್ಟಿಯೊಂದನ್ನು ಸಡಿಲವಾಗಿ ಕಟ್ಟಿಸಿಕೊಳ್ಳಿ. ಒಂದು ಬೆರಳು ಅದರೊಳಗೆ ಇರಲಿ. ಅನುಭವಿ ಸವಾರರೂ ಹೊಸ ಕುದುರೆಯ ಮೇಲೆ ಹೀಗೆ ಮಾಡುತ್ತಾರೆ, ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಸಂಕೋಚದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಮ್ಮ ಭಾಗದಲ್ಲಿ ಬೆಳೆದವರು ಕುದುರೆ ಏರಿದವರನ್ನು ನೋಡಿರುವುದೆಲ್ಲಿ? ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಪ್ರತಿಮೆಯಲ್ಲಿ, ಊರ ಮುಂದಿನ ವೀರಗಲ್ಲಿನಲ್ಲಿ, ಮೈಲಾರಲಿಂಗನ ಚಿತ್ರದಲ್ಲಿ, ಮದುವೆಯ ಮೆರವಣಿಗೆಯಲ್ಲಿ. ಕತ್ತಿ ಹಿಡಿದವರೇ ಎಲ್ಲ. ಅಂಜುತ್ತಾ ಅಂಜುತ್ತಾ ಕಲಿಯುವ ಸಾಮಾನ್ಯ ಸವಾರರು ನಮ್ಮ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಹೆದರಿಕೆ ತನಗೊಬ್ಬಳಿಗೇ ಎಂದು ಅನ್ನಿಸುವುದು ಸಹಜ. ಸುಗ್ಗಿ ಮುಗಿದ ಮೇಲೆ ನವಲಗುಂದ, ನರಗುಂದದ ಕಡೆ ಹೊಲಗಳಲ್ಲಿ ಕುರಿ ತರುಬಲು ಬರುವ ಕುರಿಗಾರರನ್ನು ಒಮ್ಮೆ ಗಮನವಿಟ್ಟು ನೋಡಿ. ಅವರ ಗಿಡ್ಡ ಕುದುರೆಗಳ ಮೇಲೆ ಹಾಸಿಗೆ, ಪಾತ್ರೆ, ಆಗ ತಾನೇ ಹುಟ್ಟಿದ ಮರಿಗಳು ಇರುತ್ತವೆ. ಮನುಷ್ಯರು ಪಕ್ಕದಲ್ಲಿ ನಡೆಯುತ್ತಾರೆ. ಕುದುರೆಯ ಭುಜಕ್ಕೆ ಸಮವಾಗಿ, ಹಗ್ಗ ಜೋಲುಬಿಟ್ಟು, ಅದರ ಮುಖ ನೋಡದೆ ದಾರಿ ನೋಡುತ್ತಾ. ಕುದುರೆಯ ಜೊತೆಗಿರುವ ವಿದ್ಯೆಯ ದೊಡ್ಡ ಪಾಲು ಅಷ್ಟರಲ್ಲೇ ಇದೆ.

ನೀವೂ ಅದನ್ನೇ ಮಾಡಿ. ಅರ್ಧ ಗಂಟೆ ಮೊದಲೇ ಹೋಗಿ, ಕುದುರೆಯ ಮೈ ಉಜ್ಜಿ, ಹಿಡಿದುಕೊಂಡು ನಡೆದಾಡಿ, ನಿಂತು, ತಿರುಗಿ. ಅದರ ಉಸಿರು, ಕಿವಿ, ಬಾಲದ ಅಭ್ಯಾಸಗಳು ಪರಿಚಯವಾಗುತ್ತವೆ. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಕೂರುವುದು ಅಂಜುವವರಿಗೆ ಒಳ್ಳೆಯದು. ಗದಗಿನಿಂದ ಬರುವವರಿಗೆ ಅದು ಕಷ್ಟವೆಂದು ಬಲ್ಲೆ. ಹಾಗಿದ್ದರೆ ಭಾನುವಾರದ ಅದೇ ಒಂದು ಗಂಟೆಯನ್ನು ಎರಡು ತುಂಡು ಮಾಡಿ, ನಡುವೆ ಇಳಿದು ನೀರು ಕುಡಿದು ಮತ್ತೆ ಹತ್ತಿ. ಇಳಿಯಲು ಒಂದು, ಹತ್ತಲು ಒಂದು ಅವಕಾಶ ಹೆಚ್ಚಾಗಿ ಸಿಗುತ್ತದೆ. ಮನೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ರೂಢಿ ಉಳಿಸಿಕೊಳ್ಳಿ, ಸೊಂಟದ ಕೀಲು ಬಿಗಿಯಾಗದಂತೆ ಅದು ನೋಡಿಕೊಳ್ಳುತ್ತದೆ.

ಕುದುರೆಯ ಆಯ್ಕೆಯಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ದೇಶದ ಅನೇಕ ಸವಾರಿ ಶಾಲೆಗಳಲ್ಲಿರುವುದು ರೇಸ್ ಕೋರ್ಸ್‌ಗಳಿಂದ ನಿವೃತ್ತವಾದ, ಓಟದ ತಳಿಯಾದ ಥರೋಬ್ರೆಡ್‌ಗಳು. ಒಳ್ಳೆಯ ಪ್ರಾಣಿಗಳೇ. ಆದರೆ ಬಿಗಿದ ಲಗಾಮಿಗೆ ಒರಗಿಕೊಂಡು ಓಡುವುದನ್ನು ಎಳವೆಯಲ್ಲೇ ಕಲಿತಿರುತ್ತವೆ, ಹೆದರಿ ಎಳೆದಷ್ಟೂ ಮುಂದಕ್ಕೆ ನುಗ್ಗಬಹುದು. ನಿಮಗೆ ಬೇಕಾದದ್ದು ಹನ್ನೆರಡು ವರ್ಷ ದಾಟಿದ, ಮಕ್ಕಳನ್ನು ಹೊತ್ತು ಪಳಗಿದ, ನಿಧಾನದ ಕುದುರೆ. ‘ನನಗೆ ಈ ಕುದುರೆ ಬೇಡ, ಅದನ್ನು ಕೊಡಿ’ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿದ್ದಕ್ಕೆ ನಕ್ಕರೆ ಶಾಲೆ ಬದಲಿಸಿ. ಜೀನನ್ನು ಬಿಗಿದಿಡುವ ಹೊಟ್ಟೆಪಟ್ಟಿ ಸವೆದಿರುವುದು, ಕುಂಟುವ ಕುದುರೆ, ಹೆಲ್ಮೆಟ್ ಇಲ್ಲದೆ ಹತ್ತಿಸುವ ಅವಸರ, ಇವುಗಳ ಮುಂದೆ ಹೆದರಿಕೆಯಾದರೆ ಆ ಹೆದರಿಕೆಯನ್ನು ಪಾಲಿಸಿ.

ಸಲಕರಣೆ ಬೇಗ ಹೇಳಿ ಮುಗಿಸುತ್ತೇನೆ. ಹೆಲ್ಮೆಟ್ ಸವಾರಿಗೆಂದೇ ಮಾಡಿದ್ದಾಗಿರಬೇಕು, ಬೈಕಿನದು ಬೇಡ. ಒಮ್ಮೆ ಪೆಟ್ಟು ಬಿದ್ದದ್ದನ್ನು ಮತ್ತೆ ಬಳಸಬಾರದು. ಚಪ್ಪಲಿ, ಕ್ಯಾನ್ವಾಸ್ ಶೂ ಬೇಡ, ಪಾದ ರಿಕಾಪಿನೊಳಗೆ ನುಸುಳದಂತೆ ಸಣ್ಣ ಹಿಮ್ಮಡಿಯಿರುವ ಬೂಟು ಬೇಕು. ದುಪಟ್ಟಾ ಮನೆಯಲ್ಲಿರಲಿ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಹತ್ತಿ ಐದು ನಿಮಿಷ ನಡೆದ ಮೇಲೆ ಹೊಟ್ಟೆಪಟ್ಟಿಯನ್ನು ಇನ್ನೊಮ್ಮೆ ಬಿಗಿ ಮಾಡಿಸಿ, ಜೀನು ಕಟ್ಟುವಾಗ ಹೊಟ್ಟೆ ಉಬ್ಬಿಸುವ ಕುದುರೆಗಳು ಬಹಳ. ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ಅಪಾಯವಿರುತ್ತದೆ, ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ನೋಡಿಕೊಳ್ಳಿ. ಬೆನ್ನುನೋವು, ರಕ್ತದೊತ್ತಡ, ಮೂಳೆ ಸವೆತ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಟ್ರಾಟ್‌ಗೆ ಮರಳುವುದು ಹೀಗೆ. ನಿಲ್ಲಿಸುವುದು, ಇಳಿಯುವುದು ಸಲೀಸಾದ ಮೇಲೆ ತರಬೇತುದಾರರು ಕುದುರೆಯನ್ನು ಉದ್ದ ಹಗ್ಗದಲ್ಲಿ ಹಿಡಿದು ಸುತ್ತ ತಿರುಗಿಸಲಿ. ವೇಗ, ದಿಕ್ಕು ಅವರ ಹೊಣೆ. ನಿಮ್ಮದು ಕೂರುವುದು ಮಾತ್ರ. ಟ್ರಾಟ್‌ನಲ್ಲಿ ಕಾಲುಗಳು ಕರ್ಣಾಕಾರವಾಗಿ ಜೋಡಿಯಾಗಿ ಬೀಳುತ್ತವೆ, ಅದಕ್ಕೇ ಎರಡು ತಾಳದ ಕುಲುಕಾಟ. ಒಂದು ತಾಳಕ್ಕೆ ಎದ್ದು ಇನ್ನೊಂದಕ್ಕೆ ಕೂರುವುದನ್ನು ಮೊದಲು ನಿಂತ ಕುದುರೆಯ ಮೇಲೆ, ನಂತರ ನಡಿಗೆಯಲ್ಲಿ ರೂಢಿಸಿಕೊಳ್ಳಿ. ಮೊದಲ ದಿನ ಹತ್ತು ಹೆಜ್ಜೆ ಟ್ರಾಟ್, ಮತ್ತೆ ನಡಿಗೆ. ಯಾವಾಗ ಶುರು, ಯಾವಾಗ ಸಾಕು ಎಂದು ಹೇಳುವವರು ನೀವೇ ಆಗಿರಬೇಕು. ಇದನ್ನು ತರಬೇತುದಾರರೊಂದಿಗೆ ಹತ್ತುವ ಮುನ್ನವೇ ಮಾತಾಡಿಕೊಳ್ಳಿ. ಹತ್ತು ಹೆಜ್ಜೆ ಸುಖವಾಗಿ ಮುಗಿದಾಗ ‘ಇನ್ನೊಂದು ಸುತ್ತು’ ಎಂಬ ಆಸೆಗೆ ಬೀಳದೆ ಅಲ್ಲಿಗೇ ನಿಲ್ಲಿಸಿದರೆ ಮೈ ಆ ಸುಖವನ್ನು ನೆನಪಿಟ್ಟುಕೊಂಡು ಮನೆಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಭಯದ ನೆನಪು ಅಳಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸ ನೆನಪು ಬೆಳೆಯುತ್ತದೆ. ಆದ್ದರಿಂದ ಕುದುರೆ ಬದಲಾದಾಗ, ಮೈದಾನ ಬದಲಾದಾಗ, ತಿಂಗಳು ಬಿಟ್ಟು ಹತ್ತಿದಾಗ ಕೈ ಮತ್ತೆ ತಣ್ಣಗಾಗಬಹುದು. ಕಲಿತದ್ದು ಹೋಯಿತೆಂದು ತಿಳಿಯಬೇಡಿ. ಒಂದು ಹಂತ ಕೆಳಗಿಳಿದು ಶುರು ಮಾಡಿ, ಎರಡನೆಯ ಸಲ ದಾರಿ ಚಿಕ್ಕದಿರುತ್ತದೆ. ಗಾಳಿಯ ದಿನ ಯಾವ ಕುದುರೆಯಾದರೂ ಚಂಚಲವಾಗುತ್ತದೆ, ಏಕೆಂದರೆ ಸದ್ದು ಯಾವ ಕಡೆಯಿಂದ ಬಂತೆಂದು ಅದಕ್ಕೆ ತಿಳಿಯುವುದಿಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿ ಬೆಳೆದ ನಿಮಗೆ ಜೂನ್, ಜುಲೈ ಗಾಳಿಯ ಬಗ್ಗೆ ಹೇಳಬೇಕಿಲ್ಲ. ಆ ದಿನಗಳಲ್ಲಿ, ಗಣೇಶನ ಮೆರವಣಿಗೆ ಮತ್ತು ದೀಪಾವಳಿಯ ಪಟಾಕಿಯ ದಿನಗಳಲ್ಲಿ ನೆಲದ ಮೇಲಿನ ಕೆಲಸವಷ್ಟೇ ಸಾಕು.

ಕೊನೆಗೆ ಮಗಳ ಜೊತೆಗಿನ ದಾರಿ. ಬರುತ್ತದೆ ಆ ದಿನ, ಅದಕ್ಕೆ ನಾಗಾಲೋಟ ಬರಬೇಕೆಂದೇನೂ ಇಲ್ಲ. ಬೇಲಿಯೊಳಗೆ ಎರಡು ಬೇರೆ ಬೇರೆ ಕುದುರೆಗಳ ಮೇಲೆ ನಡಿಗೆ, ಟ್ರಾಟ್, ತಿರುವು, ನಿಲುಗಡೆ ಎರಡೂ ದಿಕ್ಕಿಗೆ ಬಂದರೆ ಸಾಕು. ಡಿಸೆಂಬರ್‌ನಿಂದ ಫೆಬ್ರುವರಿಯ ನಡುವೆ ಹೋಗಿ. ಮಳೆಯಲ್ಲಿ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡು ಜಾರುತ್ತದೆ, ಬೇಸಿಗೆಯಲ್ಲಿ ಬಿರಿದು ಕಾಲು ಸಿಕ್ಕಿಸುತ್ತದೆ. ಚಳಿಗಾಲದಲ್ಲಿಯೂ ಹೊಲಕ್ಕಿಳಿಯದೆ ಬಂಡಿದಾರಿಯಲ್ಲೇ ಇರಿ. ಮುಂದೆ ತರಬೇತುದಾರರ ಕುದುರೆ, ನಡುವೆ ನೀವು, ಹಿಂದೆ ಮಗಳು, ಒಂದೊಂದು ಕುದುರೆಯಷ್ಟು ಅಂತರ. ನಾಯಿ ಬೊಗಳುತ್ತಾ ಬಂದರೆ ಓಡಬೇಡಿ, ಕುದುರೆಯ ಮುಖವನ್ನು ನಾಯಿಯ ಕಡೆಗೆ ತಿರುಗಿಸಿ ನಿಲ್ಲಿ. ಟ್ರ್ಯಾಕ್ಟರ್ ಎದುರಾದರೆ ಕೈ ಎತ್ತಿ ನಿಧಾನಿಸಲು ಹೇಳಿ, ನಮ್ಮ ಕಡೆಯ ಚಾಲಕರು ಕೇಳಿದರೆ ನಿಲ್ಲಿಸುತ್ತಾರೆ. ಮೊದಲ ಸಲ ಅರ್ಧ ಗಂಟೆ ಸಾಕು. ಲಾಯದ ಕಡೆಗೆ ತಿರುಗಿದ ಮೇಲೆ ಕುದುರೆಗಳು ಹೆಜ್ಜೆ ಚುರುಕು ಮಾಡುತ್ತವೆ, ಹಾಗಾಗಿ ಮರಳುವ ದಾರಿಯನ್ನು ಪೂರ್ತಿ ನಡಿಗೆಯಲ್ಲೇ ಮುಗಿಸಿ.